ಥಾರ್ ಮರುಭೂಮಿಗೆ ಮನೆಮಂದಿಯೆಲ್ಲ ಹೊರಟಿದ್ದೇವೆ: ಏನು ಮಾಡಬಾರದು ಅಂತ ಹೇಳಿ

ಬಿಸಿಲುಕುದುರೆ · ನವೆಂಬರ್ 3

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಜೈಸಲ್ಮೇರ್‌ಗೆ ಹೊರಟಿದ್ದೇವೆ. ನಾನು, ನಮ್ಮವರು, ಇಬ್ಬರು ಮಕ್ಕಳು (11 ಮತ್ತು 7), ಜೊತೆಗೆ ನಮ್ಮ ಮಾವನವರು. ಅವರಿಗೆ 74.

ಕೋಟೆ, ಹವೇಲಿ ಎಲ್ಲ ನೆಪಕ್ಕೆ. ಅಸಲಿ ಕಾರಣ ಮಾವನವರೇ. ಅವರು ಬೆಳೆದದ್ದು ಸಿರುಗುಪ್ಪ ಕಡೆ. ಹುಡುಗರಾಗಿದ್ದಾಗ ಜೋಳದ ಹೊಲದಲ್ಲಿ ಎರೆಭೂತ ಅನ್ನುವ ದೊಡ್ಡ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಓಡಾಡುವುದನ್ನು ನೋಡಿದ್ದರಂತೆ. ಈಚೆಗೆ ಟಿವಿಯಲ್ಲಿ ರಾಜಸ್ಥಾನದ ಬಸ್ಟರ್ಡ್ ತೋರಿಸಿದಾಗ ಊಟ ಬಿಟ್ಟು ಎದ್ದು ಬಂದು, "ಇದು ನಮ್ ಹಕ್ಕಿ" ಅಂದರು. ಅವತ್ತೇ ಟಿಕೆಟ್ ಮಾಡಿದ್ದು.

ಸಮ್ ಮರಳುದಿಬ್ಬದ ಹತ್ತಿರ ಎರಡು ರಾತ್ರಿಗೆ ಟೆಂಟ್ ಬುಕ್ ಆಗಿದೆ. ಜೀಪ್ ಸಫಾರಿ, ಕ್ಯಾಂಪ್‌ಫೈರ್, ಡಿಜೆ ಎಲ್ಲ ಪ್ಯಾಕೇಜ್‌ನಲ್ಲೇ ಸೇರಿದೆ. ಡೆಸರ್ಟ್ ನ್ಯಾಷನಲ್ ಪಾರ್ಕ್ ಅಂದರೆ ಇದೇನಾ, ಬೇರೆಯಾ? ಅನುಮತಿ ಬೇಕಾ? ಮಗನ ಹತ್ತಿರ ಸಣ್ಣ ಡ್ರೋನ್ ಇದೆ, ತರಬಹುದಾ? ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಏನು ಮಾಡಬಾರದು ಅಂತ ಹೇಳಿದರೆ ಜಾಸ್ತಿ ಉಪಕಾರ. ಹಕ್ಕಿ ನೋಡಲು ಹೋಗಿ ಹಕ್ಕಿಗೇ ತೊಂದರೆ ಕೊಟ್ಟು ಬಂದೆವು ಅಂತ ಆಗಬಾರದು.

ಗಾಲಿ_ಗಣಪ · ನವೆಂಬರ್ 3

ಮೇಡಂ, ಎರಡು ಸಲ ಬೈಕಲ್ಲಿ ಹೋಗಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಸಮ್ ಬೇರೆ, ಪಾರ್ಕ್ ಬೇರೆ ಅಂತ ಜನ ಅಂದುಕೊಂಡಿದ್ದಾರೆ. ಆದರೆ ಸಮ್ ದಿಬ್ಬಗಳಿರುವುದು ಪಾರ್ಕಿನ ಅಂಚಿನಲ್ಲೇ. ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಪಾರ್ಕ್ ಒಟ್ಟು 3,162 ಚದರ ಕಿ.ಮೀ. ಜೈಸಲ್ಮೇರ್, ಬಾರ್ಮೇರ್ ಎರಡೂ ಜಿಲ್ಲೆಗೆ ಹರಡಿದೆ. 1980ರಲ್ಲಿ ಘೋಷಣೆ ಆಯಿತು. ಹೆಸರಿಗೆ ನ್ಯಾಷನಲ್ ಪಾರ್ಕ್, ಕಾನೂನಿನ ಲೆಕ್ಕದಲ್ಲಿ ವನ್ಯಜೀವಿ ಧಾಮ. ಹಾಗಾಗಿ ಒಳಗೇ ಹಳ್ಳಿಗಳಿವೆ, ಕುರಿ ಮಂದೆಗಳಿವೆ, ಹೊಲಗಳಿವೆ. ಬಂಡೀಪುರದ ಹಾಗೆ ಗೇಟು, ಟಿಕೆಟು, ಬಸ್ಸು ಅಂತ ಕಲ್ಪಿಸಿಕೊಂಡು ಹೋದರೆ ನಿರಾಸೆ ಆಗುತ್ತದೆ.

ಇನ್ನೊಂದು. ಮರುಭೂಮಿ ಅಂದರೆ ಪೂರ್ತಿ ಮರಳುದಿಬ್ಬ ಅಲ್ಲ. ಈ ಪಾರ್ಕಿನಲ್ಲೂ ದಿಬ್ಬ ಇರುವುದು ಒಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಹುಲ್ಲುಬಯಲು, ಕುರುಚಲು. ನಿಮ್ಮ ಮಾವನವರ ಹಕ್ಕಿ ಇರುವುದು ಹುಲ್ಲಿನಲ್ಲಿ, ದಿಬ್ಬದ ಮೇಲಲ್ಲ. ಅದಕ್ಕೆ ಸುದಾಸರಿ ಅನ್ನುವ ಜಾಗಕ್ಕೆ ಹೋಗಬೇಕು. ಅರಣ್ಯ ಇಲಾಖೆ ಬೇಲಿ ಹಾಕಿ ಕಾಪಾಡಿರುವ ಹುಲ್ಲುಗಾವಲು ಅದು. ಅನುಮತಿಯನ್ನು ಜೈಸಲ್ಮೇರ್‌ನಲ್ಲಿರುವ ಪಾರ್ಕಿನ ಕಚೇರಿಯಲ್ಲಿ ಮೊದಲೇ ಪಡೆಯಿರಿ. ಎಲ್ಲರ ಗುರುತಿನ ಚೀಟಿ ಇಟ್ಟುಕೊಳ್ಳಿ.

ಡ್ರೋನ್ ಮನೆಯಲ್ಲೇ ಬಿಡಿ. ಅದು ವನ್ಯಧಾಮವೂ ಹೌದು, ಪಾಕಿಸ್ತಾನದ ಗಡಿಯೂ ಹೌದು. ಗಡಿ ಕಡೆಯ ಕೆಲವು ಊರುಗಳಿಗೆ ಹೊರಗಿನವರು ಹೋಗಲು ಬೇರೆ ಅನುಮತಿ ಬೇಕು. ಜೀಪಿನವನು "ಏನೂ ಆಗಲ್ಲ, ಬನ್ನಿ" ಅಂದರೂ ಹೋಗಬೇಡಿ.

ಜೋಧ್‌ಪುರದ_ಸೊಸೆ · ನವೆಂಬರ್ 4

ಹುಟ್ಟಿದ್ದು ದಾವಣಗೆರೆ, ಮದುವೆಯಾಗಿ ಬಂದದ್ದು ಜೋಧ್‌ಪುರಕ್ಕೆ. ಹದಿನೆಂಟು ವರ್ಷ ಆಯಿತು. ನಮ್ಮೆಜಮಾನರ ಅಜ್ಜಿಮನೆ ಜೈಸಲ್ಮೇರ್ ದಾರಿಯ ಒಂದು ಹಳ್ಳಿ. ಅಲ್ಲಿ ನಾನೇ ಬೈಸಿಕೊಂಡ ತಪ್ಪುಗಳನ್ನು ಹೇಳುತ್ತೇನೆ, ನೀವು ಮಾಡಬೇಡಿ.

ಮೊದಲ ವರ್ಷ. ಊರ ಹೊರಗೆ ಒಳ್ಳೆ ಸಮತಟ್ಟಾದ, ಗಿಡಗಂಟಿ ಇಲ್ಲದ ಗಟ್ಟಿ ನೆಲ ಕಂಡಿತು. ಚಪ್ಪಲಿ ಹಾಕಿಕೊಂಡು ನಡೆದು, ಕೂತು, ಕಡಲೆಕಾಯಿ ತಿಂದು, ಸಿಪ್ಪೆಯನ್ನು ಅಲ್ಲೇ ಬಿಟ್ಟೆ. ಅಜ್ಜಿ ನೋಡಿದವರೇ ಕೋಲು ಹಿಡಿದು ಬಂದರು! ಅದು ಆಗೋರ್. ಅಂದರೆ ಕೆರೆಗೋ ಟಾಂಕಾಕ್ಕೋ ಮಳೆ ನೀರು ಹರಿದು ಬರುವ ನೆಲ. ವರ್ಷಕ್ಕೆ ನಾಲ್ಕೈದು ಮಳೆ ಬಂದರೆ ಹೆಚ್ಚು. ಆ ನೆಲದ ಮೇಲೆ ಬಿದ್ದದ್ದೆಲ್ಲ ಕುಡಿಯುವ ನೀರಿಗೇ ಸೇರುತ್ತದೆ. ಟಾಂಕಾ ಅಂದರೆ ನೆಲದೊಳಗಿನ ತೊಟ್ಟಿ, ಮೇಲೆ ಸಣ್ಣ ಗುಮ್ಮಟ ಇರುತ್ತದೆ. ಅದರ ಸುತ್ತ ಇಳಿಜಾರಾಗಿ ಬಳಿದ ನೆಲ ಕಂಡರೆ ಅದು ಅಂಗಳ ಅಲ್ಲ. ಮಕ್ಕಳಿಗೆ ಮೊದಲೇ ಹೇಳಿ. ಅಲ್ಲಿ ಓಡಬಾರದು, ಉಗುಳಬಾರದು, ಬಯಲಿಗೆ ಕೂರಬಾರದು. ಪ್ರವಾಸಿಗರು ಖಾಲಿ ನೆಲ ಅಂತ ಗಾಡಿ ನಿಲ್ಲಿಸುವುದು ಎಷ್ಟೋ ಸಲ ಆಗೋರ್ ಮೇಲೆಯೇ.

ಎರಡನೆಯದು ಓರಣ್. ಇದು ದೇವರ ಕಾಡು. ನಮ್ಮ ಕಡೆ ದೇವರಕಾಡು, ಬನ ಅನ್ನುತ್ತೇವಲ್ಲ, ಹಾಗೇ. ಆದರೆ ಇಲ್ಲಿ ಕಾಡು ಅಂದರೆ ಹುಲ್ಲು, ಬೋರೆ ಗಿಡ, ಕೇರ್ ಪೊದೆ, ಅಲ್ಲೊಂದು ಇಲ್ಲೊಂದು ಖೇಜ್ರಿ. ಹೊರಗಿನವರ ಕಣ್ಣಿಗೆ ಬಂಜರು. ಊರವರು ಅಲ್ಲಿ ಕೊಂಬೆ ಮುರಿಯುವುದಿಲ್ಲ. ದನ, ಒಂಟೆ ಮೇಯಬಹುದು, ಕೊಡಲಿ ಹಾಕುವಂತಿಲ್ಲ. ಖೇಜ್ರಿ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ದಸರೆಯ ಬನ್ನಿ. ನಮಗೆ ವರ್ಷಕ್ಕೊಂದು ದಿನ ಪೂಜೆಯ ಮರ, ಇಲ್ಲಿಯವರಿಗೆ ದಿನಾ ಅನ್ನದ ಮರ. ಜೋಧ್‌ಪುರದ ಹತ್ತಿರ ಖೇಜಡ್ಲಿ ಅನ್ನುವ ಊರಿದೆ. 1730ರಲ್ಲಿ ರಾಜನ ಆಳುಗಳು ಇದೇ ಮರ ಕಡಿಯಲು ಬಂದಾಗ ಅಮೃತಾ ದೇವಿ ಮರ ತಬ್ಬಿ ನಿಂತರು. ಅವರ ಹಿಂದೆ ಒಟ್ಟು 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. ಆ ಊರಿನವರ ಮುಂದೆ ಸುಮ್ನೆ ಒಂದು ಟೊಂಗೆ ಮುರಿದು ನೋಡಿ, ಗೊತ್ತಾಗುತ್ತದೆ.

ಕ್ಯಾಂಪ್‌ಫೈರ್ ವಿಷಯಕ್ಕೆ ಬರುತ್ತೇನೆ. ಸೌದೆ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ. ಫೋಗ್ ಅಂತ ಒಂದು ಪೊದೆ ಇದೆ. ಎಲೆ ಇಲ್ಲದ ಕಡ್ಡಿಯ ಹಾಗೆ ಕಾಣುತ್ತದೆ. ಅದರ ಬೇರೇ ಮರಳನ್ನು ಹಿಡಿದು ನಿಲ್ಲಿಸುವುದು. ಬೇರು ಚೆನ್ನಾಗಿ ಉರಿಯುತ್ತದೆ ಅಂತ ಅದನ್ನೇ ಅಗೆದು ತೆಗೆಯುತ್ತಾರೆ. ಎರಡು ಗಂಟೆಯ ಹಾಡಿಗೆ ಇಪ್ಪತ್ತು ವರ್ಷದ ಗಿಡ ಯಾಕೆ? ಎರಡು ಸ್ವೆಟರ್ ಜಾಸ್ತಿ ತನ್ನಿ. ಡಿಸೆಂಬರ್ ರಾತ್ರಿ ಸೊನ್ನೆಯ ಹತ್ತಿರಕ್ಕೂ ಇಳಿಯುತ್ತದೆ, ಮಾವನವರಿಗೆ ಮಂಕಿ ಕ್ಯಾಪ್ ಮರೆಯಬೇಡಿ.

ಲೆನ್ಸ್_ಲಕ್ಕ · ನವೆಂಬರ್ 4

ಒಳ್ಳೆ ಮಾಹಿತಿ. ನಾನೂ ಜನವರಿಯಲ್ಲಿ ಹೋಗುತ್ತಿದ್ದೇನೆ. ಬಸ್ಟರ್ಡ್ ಖಚಿತವಾಗಿ ಸಿಗುವ ಲೊಕೇಶನ್ ಯಾರಾದರೂ ಪಿನ್ ಹಾಕಿ. ಕೂಗಿನ ರೆಕಾರ್ಡಿಂಗ್ ಫೋನಲ್ಲಿದೆ, ಹಾಕಿದರೆ ಹತ್ತಿರ ಬರುತ್ತಾ?

ಮತ್ತೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ಹಕ್ಕಿ ಸಾಯುತ್ತಿರುವುದು ಹೈಟೆನ್ಷನ್ ತಂತಿಗೆ ಬಡಿದು. ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಹಾಗಿರುವಾಗ ಪ್ರವಾಸಿಗ ಕಡಲೆಕಾಯಿ ಸಿಪ್ಪೆ ಬಿಟ್ಟ, ಕ್ಯಾಂಪ್‌ಫೈರ್ ಹಾಕಿದ ಅಂತ ತಲೆ ಮೇಲೆ ಪಾಪ ಹೊರಿಸುವುದು ಸರಿಯಾ?

ಎರೆಹೊಲ · ನವೆಂಬರ್ 5

ಬಳ್ಳಾರಿಯವನು. ಸಿರುಗುಪ್ಪದ ಬಯಲಲ್ಲಿ ಬೈನಾಕ್ಯುಲರ್ ಹಿಡಿದು ಬಿಸಿಲಲ್ಲಿ ಒಣಗುವುದು ನನ್ನ ಚಟ. ನಮ್ಮಲ್ಲಿ ಈಗ ಉಳಿದಿರುವುದು ಬೆರಳಲ್ಲಿ ಎಣಿಸುವಷ್ಟು. ಬಿಸಿಲುಕುದುರೆಯವರೇ, ನಿಮ್ಮ ಮಾವನವರು ಹೇಳಿದ್ದು ನಿಜ. ಎರೆಮಣ್ಣಿನ ಹೊಲದಲ್ಲಿ ಭೂತದ ಹಾಗೆ ಎದ್ದು ನಿಲ್ಲುತ್ತದೆ ಅಂತಲೋ ಏನೋ, ಎರೆಭೂತ ಅನ್ನುವ ಹೆಸರು ನಮ್ಮವರೇ ಇಟ್ಟದ್ದು. ರಾಜಸ್ಥಾನದಲ್ಲಿ ಗೋಡಾವಣ್ ಅನ್ನುತ್ತಾರೆ. ಅಲ್ಲಿ ಅದು ರಾಜ್ಯಪಕ್ಷಿ. ದೇಶದಲ್ಲೆಲ್ಲ ಸೇರಿ 150ರ ಆಸುಪಾಸು ಉಳಿದಿರಬಹುದು ಅನ್ನುವುದು ಲೆಕ್ಕ, ಬಹುಪಾಲು ಥಾರ್‌ನಲ್ಲೇ.

ಲಕ್ಕ ಅವರೇ, ತಂತಿ ವಿಷಯ ನೂರಕ್ಕೆ ನೂರು ಸರಿ. ಗಂಡು 15 ಕೆ.ಜಿ.ವರೆಗೆ ತೂಗುತ್ತದೆ. ಕಣ್ಣು ತಲೆಯ ಎರಡು ಪಕ್ಕಕ್ಕಿವೆ, ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ. ಹಾರುವಾಗ ನೋಟ ನೆಲದ ಕಡೆ. ತಂತಿ ಹತ್ತಿರ ಬಂದ ಮೇಲೆ ಅಷ್ಟು ಭಾರದ ಮೈಯನ್ನು ತಟ್ಟನೆ ತಿರುಗಿಸಲು ಆಗುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಕೋರ್ಟ್ ತಂತಿಗಳನ್ನು ನೆಲದೊಳಗೆ ಹಾಕಿ ಅಂದಿತು. 2024ರ ಮಾರ್ಚ್‌ನಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಕೊಟ್ಟಿತು. ಸೋಲಾರ್, ಗಾಳಿ ವಿದ್ಯುತ್ತೂ ಬೇಕು, ಹಕ್ಕಿಯೂ ಬೇಕು ಅನ್ನುವ ಜಗ್ಗಾಟ. ಅದನ್ನು ನೀವು ನಾನು ಟೂರ್ ಹೋಗಿ ಸರಿ ಮಾಡಲು ಆಗುವುದಿಲ್ಲ.

ಆದರೆ ನಾಯಿ ವಿಷಯ ನಮ್ಮ ಕೈಯಲ್ಲಿದೆ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಎರೆಭೂತ ಗೂಡು ಕಟ್ಟುವುದಿಲ್ಲ. ನೆಲದ ಮೇಲೆ, ಹುಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಅದೂ ಸಾಮಾನ್ಯವಾಗಿ ಒಂದೇ ಒಂದು. ಸುಮಾರು ನಾಲ್ಕು ವಾರ ತಾಯಿ ಒಬ್ಬಳೇ ಕಾವು ಕೊಡಬೇಕು. ಗಂಡಿಗೆ ಗಂಟಲ ಚೀಲ ಊದಿಸಿಕೊಂಡು ಗುಮ್ಮ್ ಅನ್ನುವುದಷ್ಟೇ ಕೆಲಸ, ಸಂಸಾರದ ಉಸಾಬರಿ ಇಲ್ಲ. ಮರಿ ಹೊರಬಂದ ಮೇಲೂ ತಿಂಗಳುಗಟ್ಟಲೆ ತಾಯಿಯ ಹಿಂದೆಯೇ. ಈ ನಡುವೆ ಒಂದು ನಾಯಿ ಮೂಸಿಕೊಂಡು ಬಂದರೆ ಆ ವರ್ಷದ ಲೆಕ್ಕ ಮುಗಿಯಿತು.

ಮರುಭೂಮಿಗೆ ಇಷ್ಟೊಂದು ನಾಯಿ ಎಲ್ಲಿಂದ ಬಂದವು? ನಾಯಿ ಬದುಕುವುದು ಎಂಜಲಿನ ಮೇಲೆ, ಸತ್ತ ದನದ ಮೇಲೆ. ಹಳ್ಳಿಯ ಎಂಜಲು ಕಡಿಮೆ, ಅಲ್ಲಿ ರೊಟ್ಟಿ ಉಳಿದರೆ ಆಡಿಗೆ ಹೋಗುತ್ತದೆ. ಟೆಂಟ್ ಸಾಲಿನ ಹಿಂದೆ ಒಮ್ಮೆ ಹೋಗಿ ನೋಡಿ. ಬಫೆಯ ಪಲಾವ್, ಪನೀರ್, ಕೋಳಿ ಮೂಳೆ ಎಲ್ಲ ಒಂದು ಗುಂಡಿಗೆ, ಮೇಲೆ ಎರಡು ಹಿಡಿ ಮರಳು. ರಾತ್ರಿ ಹತ್ತಕ್ಕೆ ಡಿಜೆ ನಿಲ್ಲುತ್ತದೆ, ಹನ್ನೊಂದಕ್ಕೆ ನಾಯಿಗಳ ಪಂಕ್ತಿ ಶುರು.

"ಡಿಸೆಂಬರ್‌ನಲ್ಲಿ ಮೊಟ್ಟೆ ಇರುವುದಿಲ್ಲವಲ್ಲ" ಅಂತ ಕೇಳಬಹುದು. ಹೌದು, ಮೊಟ್ಟೆ ಇಡುವುದು ಬೇಸಿಗೆಯಿಂದ ಮಳೆಗಾಲದ ತನಕ. ಅದೇ ತೊಂದರೆ. ಚಳಿಗಾಲದ ನಾಲ್ಕು ತಿಂಗಳು ನಾವು ನಾಯಿಗೆ ಹೊಟ್ಟೆ ತುಂಬ ಹಾಕುತ್ತೇವೆ, ಅದು ಮರಿ ಹಾಕುತ್ತದೆ. ಮಾರ್ಚ್ ಕಳೆದ ಮೇಲೆ ಟೆಂಟ್ ಮುಚ್ಚುತ್ತಾರೆ, ನಾವು ಊರಿಗೆ ಬರುತ್ತೇವೆ. ನಾಯಿ ಎಲ್ಲಿಗೆ ಹೋಗಬೇಕು? ಹುಲ್ಲಿಗೆ ಇಳಿಯುತ್ತದೆ. ಚಿಂಕಾರ ಅನ್ನುವ ಹುಲ್ಲೆಯ ಮರಿ ಹಿಡಿಯುತ್ತದೆ, ಮೊಟ್ಟೆ ಹುಡುಕುತ್ತದೆ. ನಾವು ಫೋಟೋಗೆ ಪೋಸ್ ಕೊಟ್ಟು ಬಿಸ್ಕೆಟ್ ಹಾಕಿದ ಅದೇ ನಾಯಿ.

ಇನ್ನು ಕೂಗು ಹಾಕಿ ಕರೆಯುವುದು ದಯವಿಟ್ಟು ಬೇಡ. ಲೊಕೇಶನ್ ಕೇಳುವುದೂ ಬೇಡ. ಅದು ವನ್ಯಜೀವಿ ಕಾಯ್ದೆಯ ಷೆಡ್ಯೂಲ್ ಒಂದರ ಜೀವಿ, ಅಂದರೆ ಅತಿ ಹೆಚ್ಚಿನ ರಕ್ಷಣೆ ಇರುವಂಥದ್ದು. ಹಿಂದೆ ಇದನ್ನು ಮುಗಿಸಿದ್ದೇ ಜೀಪು, ಬಂದೂಕು. ಈಗ ಬಂದೂಕಿನ ಜಾಗದಲ್ಲಿ ಲೆನ್ಸ್ ಇದೆ, ಅಷ್ಟೇ. ಜೀಪು ಅದೇ.

ಲೆನ್ಸ್_ಲಕ್ಕ · ನವೆಂಬರ್ 5

ಬಂದೂಕಿಗೂ ಲೆನ್ಸ್‌ಗೂ ಹೋಲಿಸಿದ್ದು ಜಾಸ್ತಿ ಆಯಿತು ಸಾರ್. ನಮ್ಮಂಥವರ ಫೋಟೋ ನೋಡಿಯೇ ಜನಕ್ಕೆ ಈ ಹಕ್ಕಿ ಇದೆ ಅಂತ ಗೊತ್ತಾಗಿದ್ದು.

ಎರೆಹೊಲ · ನವೆಂಬರ್ 5

ಆ ಮಾತು ಖಾರ ಆಯಿತು, ಒಪ್ಪುತ್ತೇನೆ. ಆದರೆ ಒಂದು ವಿಷಯ ಕೇಳಿ. ನಮ್ಮಲ್ಲಿ ಒಂದು ಹೆಣ್ಣು ಹಕ್ಕಿ ಎರಡು ವಾರದಿಂದ ಒಂದೇ ಹೊಲದಲ್ಲಿತ್ತು. ಯಾರೋ ಗ್ರೂಪಿನಲ್ಲಿ ಜಾಗ ಹಾಕಿದರು. ಭಾನುವಾರ ಆರು ಕಾರು ಬಂದವು. ಸೋಮವಾರದಿಂದ ಹಕ್ಕಿ ಇಲ್ಲ. ಬಂದವರೆಲ್ಲ ಹಕ್ಕಿಪ್ರಿಯರೇ, ಒಬ್ಬರೂ ಕೆಟ್ಟವರಲ್ಲ.

ನಿರ್ವಾಹಕ · ನವೆಂಬರ್ 5

ನಡುವೆ ಒಬ್ಬರು ಸುದಾಸರಿ ಹತ್ತಿರದ ನಕ್ಷೆಯ ಕೊಂಡಿ ಹಾಕಿದ್ದರು, ತೆಗೆದಿದ್ದೇನೆ. ಅಪಾಯದ ಅಂಚಿನಲ್ಲಿರುವ ಜೀವಿಗಳ ನಿಖರ ಜಾಗ ಇಲ್ಲಿ ಹಾಕುವಂತಿಲ್ಲ. ಚರ್ಚೆ ಮುಂದುವರಿಯಲಿ.

ಬಿಸಿಲುಕುದುರೆ · ನವೆಂಬರ್ 6

ಎಲ್ಲರಿಗೂ ಧನ್ಯವಾದ. ಜೋಧ್‌ಪುರದ ಅಕ್ಕ ಬರೆದದ್ದನ್ನು ಮಕ್ಕಳಿಗೆ ಓದಿ ಹೇಳಿದೆ. ಈಗ ಅವರಿಬ್ಬರೂ ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್‌ಗೆ ಆಗೋರ್ ಅಂತ ಹೆಸರಿಟ್ಟು ಚಪ್ಪಲಿ ಬಿಟ್ಟು ಹತ್ತುತ್ತಿದ್ದಾರೆ. ಮಳೆ ನೀರಿನ ತೊಟ್ಟಿ ಅಲ್ಲೇ ಇದೆ, ತಪ್ಪೇನಿಲ್ಲ.

ಈಗ ಸಮಸ್ಯೆ ಪ್ಯಾಕೇಜ್. ಜೀಪ್ ಬೇಡ, ಡಿಜೆ ಬೇಡ ಅಂದರೆ ಬುಕಿಂಗ್ ಮಾಡಿಕೊಂಡವರು "ಬೇಡ ಅಂದ್ರೂ ದುಡ್ಡು ಅದೇ ಮೇಡಂ" ಅನ್ನುತ್ತಿದ್ದಾರೆ. ಮುಂಗಡ ವಾಪಸ್ ಇಲ್ಲವಂತೆ. ಜೀಪ್ ಸಫಾರಿಯಿಂದ ನಿಜವಾಗಿ ಅಷ್ಟು ಹಾನಿ ಆಗುತ್ತದಾ? ಮರಳು ತಾನೇ, ಗಾಳಿಗೆ ಮುಚ್ಚಿಹೋಗಲ್ವಾ?

ಮತ್ತೆ ಒಂದು ಮುಜುಗರದ ಪ್ರಶ್ನೆ. ಚಿಕ್ಕವಳಿಗೆ ಏಳು ವರ್ಷ, ಮಾವನವರಿಗೆ ಸಕ್ಕರೆ ಕಾಯಿಲೆ. ಬಯಲಲ್ಲಿ ಗಂಟೆಗಟ್ಟಲೆ ಇರುವಾಗ ಒಂದಕ್ಕೆ, ಎರಡಕ್ಕೆ ಏನು ಮಾಡುವುದು?

ಗಾಲಿ_ಗಣಪ · ನವೆಂಬರ್ 6

ಬರೀ ಮರಳಿನ ದಿಬ್ಬದ ಮೇಲೆ ಗಾಡಿ ಗುರುತು ಮುಚ್ಚುತ್ತದೆ, ನಿಜ. ಆದರೆ ಜೀಪು ದಿಬ್ಬಕ್ಕೆ ಹೋಗುವುದು ದಿಬ್ಬದ ನಡುವಿನ ತಗ್ಗು ದಾಟಿ. ಆ ತಗ್ಗಿನಲ್ಲೇ ಸೇವಣ್ ಹುಲ್ಲು ಇರುವುದು. ಗುಂಪು ಗುಂಪಾಗಿ ಬೆಳೆಯುತ್ತದೆ, ಬರಗಾಲ ತಡೆಯುತ್ತದೆ, ಬುಡ ಮುರಿದರೆ ಮಾತ್ರ ಮತ್ತೆ ಚಿಗುರಲು ಮಳೆಯ ದಾರಿ ಕಾಯಬೇಕು. ಸಾಂಡಾ ಅಂತ ಮುಳ್ಳುಬಾಲದ ಓತಿ ಬಿಲ ತೋಡುವುದು ಗಟ್ಟಿ ನೆಲದಲ್ಲಿ. ಅದರ ಮೇಲೆ ಟೈರ್ ಹೋದರೆ ಬಿಲ ಕುಸಿಯುತ್ತದೆ. ಅಂದ ಹಾಗೆ ಸಾಂಡಾ ಎಣ್ಣೆ ಅಂತ ಮಂಡಿನೋವಿಗೆ ಮಾರಲು ಬರುತ್ತಾರೆ. ಮುಟ್ಟಬೇಡಿ. ಆ ಪ್ರಾಣಿಯನ್ನು ಕೊಂದು ಕಾಯಿಸಿದ ಕೊಬ್ಬು ಅದು, ಕಾನೂನಿಗೂ ವಿರುದ್ಧ, ಮಂಡಿಯೂ ವಾಸಿ ಆಗುವುದಿಲ್ಲ.

ನನ್ನದೇ ತಪ್ಪು ಹೇಳುತ್ತೇನೆ. ಮೊದಲ ಸಲ ಬೈಕ್ ದಾರಿ ಬಿಟ್ಟು ಇಳಿಸಿದ್ದೆ, ರೀಲ್ಸ್‌ಗೋಸ್ಕರ. ಎರಡು ವರ್ಷ ಬಿಟ್ಟು ಹೋದಾಗ ಅದೇ ಜಾಗದಲ್ಲಿ ದಾರಿಯೇ ಆಗಿತ್ತು. ನನ್ನ ಗುರುತು ನೋಡಿ ಇನ್ನೊಬ್ಬ, ಅವನದು ನೋಡಿ ಮತ್ತೊಬ್ಬ. ಇರುವ ದಾರಿ ಬಿಟ್ಟು ಇಳಿಯಬೇಡಿ ಅಂತ ಚಾಲಕರಿಗೆ ಮೊದಲೇ ಹೇಳಿ. ಅವರಿಗೂ ಅದು ಬೇಕಾಗಿಲ್ಲ, ಡೀಸೆಲ್ ಉಳಿಯುತ್ತದೆ. ಜಿಗಿಸಿ ಹಾರಿಸಿ ಅಂತ ಕೇಳುವವರು ನಾವೇ.

ಸಗುವಾರೋ_ಸೀನ · ನವೆಂಬರ್ 6

ಅರಿಜೋನಾದ ಟೂಸಾನ್‌ನಿಂದ. ಥಾರ್ ನೋಡಿಲ್ಲ, ಆದರೆ ಹನ್ನೆರಡು ವರ್ಷದಿಂದ ಮರುಭೂಮಿಯಲ್ಲೇ ವಾಸ. ಬಹಿರ್ದೆಸೆ ವಿಷಯದಲ್ಲಿ ನಾನು ತಜ್ಞ ಅಂತಲೇ ಇಟ್ಟುಕೊಳ್ಳಿ.

ಮಲೆನಾಡಿನಲ್ಲಿ ಎಲೆ ಮುಚ್ಚಿ ಬಂದರೆ ಮಳೆ, ಹುಳ, ಅಣಬೆ ಎಲ್ಲ ಸೇರಿ ತಿಂಗಳಲ್ಲಿ ಮಣ್ಣು ಮಾಡುತ್ತವೆ. ಮರುಭೂಮಿಯಲ್ಲಿ ಆ ಕೆಲಸಗಾರರು ಕಡಿಮೆ. ತೇವ ಇಲ್ಲ, ಕೊಳೆಯುವುದಿಲ್ಲ, ಒಣಗಿ ಹಾಗೇ ಇರುತ್ತದೆ. ಟಿಶ್ಯೂ ಪೇಪರ್ ಅಂತೂ ಗಾಳಿಗೆ ಹಾರಿ ಮುಳ್ಳುಗಿಡಕ್ಕೆ ಸಿಕ್ಕಿಕೊಂಡು ವರ್ಷಗಟ್ಟಲೆ ಬಾವುಟದ ಹಾಗೆ ಆಡುತ್ತದೆ. ಇಲ್ಲಿನ ಪಾರ್ಕುಗಳಲ್ಲಿ ಆರರಿಂದ ಎಂಟು ಇಂಚು ಗುಂಡಿ ತೋಡಿ, ನೀರಿನ ಜಾಗದಿಂದ 200 ಅಡಿ ದೂರ ಇರಿ, ಪೇಪರ್ ವಾಪಸ್ ತನ್ನಿ ಅನ್ನುತ್ತಾರೆ. ಕೆಲವು ಕಿರಿದಾದ ಕಣಿವೆಗಳಲ್ಲಿ ಎಲ್ಲವನ್ನೂ ಚೀಲದಲ್ಲಿ ಕಟ್ಟಿಕೊಂಡೇ ಬರಬೇಕು. ಹೌದು, ಎಲ್ಲವನ್ನೂ. ನಮ್ಮಮ್ಮ ಇಲ್ಲಿಗೆ ಬಂದಾಗ ಈ ನಿಯಮ ಕೇಳಿ ಟ್ರೆಕ್ಕಿಂಗೇ ಬೇಡ ಅಂದುಬಿಟ್ಟರು.

ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ. ಹೊರಡುವ ಮುಂಚೆ ಎಲ್ಲರೂ ಟಾಯ್ಲೆಟ್‌ಗೆ ಹೋಗಿ. ಒಂದು ಸಣ್ಣ ಸಲಿಕೆ, ಜಿಪ್ ಕವರ್, ಹಳೇ ದುಪಟ್ಟಾ ಇಟ್ಟುಕೊಳ್ಳಿ. ಅಕ್ಕ ಹೇಳಿದ ಆಗೋರ್ ನೋಡಿಕೊಂಡು, ದೂರ ಕೂರಿಸಿ. ಡೈಪರ್, ಪ್ಯಾಡ್ ಹೂಳಬೇಡಿ, ನರಿ ಅಗೆದು ತೆಗೆಯುತ್ತದೆ. ಇನ್ನು ನೀರು. ಚಳಿಗಾಲ ಅಂತ ಬಾಯಾರಿಕೆ ಗೊತ್ತಾಗುವುದಿಲ್ಲ. ಒಬ್ಬರಿಗೆ ಮೂರು ನಾಲ್ಕು ಲೀಟರ್ ಇರಲಿ, ಸಣ್ಣ ಬಾಟಲಿ ಬೇಡ, 20 ಲೀಟರ್ ಕ್ಯಾನ್ ಒಂದು ಸಾಕು.

ಜೋಧ್‌ಪುರದ_ಸೊಸೆ · ನವೆಂಬರ್ 7

ತಂಗಿ, ಮುಂಗಡ ಹೋದರೆ ಹೋಗಲಿ. ಒಂದು ರಾತ್ರಿ ಆ ಟೆಂಟಿನಲ್ಲೇ ಕಳೆಯಿರಿ. ಇನ್ನೊಂದು ರಾತ್ರಿ ಖುರಿ ಕಡೆಯ ಹಳ್ಳಿಮನೆಯಲ್ಲಿ ಉಳಿಯಿರಿ. ಸಮ್‌ನಷ್ಟು ಗದ್ದಲ ಇಲ್ಲ. ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ ಹಾಕುತ್ತಾರೆ. ಸಾಂಗ್ರಿ ಅಂದರೆ ಬನ್ನಿಕಾಯಿಯೇ! ತಟ್ಟೆಗೆ ಬೇಕಾದಷ್ಟೇ ಹಾಕಿಸಿಕೊಳ್ಳಿ, ಮನುಹಾರ್ ಅಂತ ಬಲವಂತ ಮಾಡಿ ಬಡಿಸುತ್ತಾರೆ, ಕೈ ಅಡ್ಡ ಹಿಡಿಯಲು ನಾಚಿಕೆ ಬೇಡ.

ದಾರಿಯಲ್ಲಿ ಫಲೋದಿ ಹತ್ತಿರ ಖೀಚನ್‌ನಲ್ಲಿ ಇಳಿಯಿರಿ. ಕುರ್ಜಾ ಕೊಕ್ಕರೆಗಳು ಸಾವಿರಗಟ್ಟಲೆ ಬಂದಿರುತ್ತವೆ. ಅಂದ ಹಾಗೆ ಬೇಸಿಗೆಯಲ್ಲಿ ಹೋದರೆ ಹೇಗೆ ಅಂತ ಯಾರೋ ಖಾಸಗಿಯಾಗಿ ಕೇಳಿದ್ದರು. ಇದೇ ಫಲೋದಿಯಲ್ಲಿ 2016ರ ಮೇನಲ್ಲಿ 51 ಡಿಗ್ರಿ ಆಗಿತ್ತು. ಇನ್ನೇನೂ ಹೇಳುವುದಿಲ್ಲ.

ಬಿಸಿಲುಕುದುರೆ · ಜನವರಿ 6

ಹೋಗಿ ಬಂದೆವು. ಹೇಳುತ್ತೇನೆ ಅಂದಿದ್ದೆ, ತಡವಾಯಿತು.

ಖೀಚನ್‌ನಲ್ಲೇ ಮೊದಲ ಪರೀಕ್ಷೆ. ಅಲ್ಲಿ ಊರವರು ಚುಗ್ಗಾಘರ್ ಅನ್ನುವ ಬೇಲಿ ಹಾಕಿದ ಜಾಗದಲ್ಲಿ ಕೊಕ್ಕರೆಗಳಿಗೆ ಕಾಳು ಹಾಕುತ್ತಾರೆ. ಮಗಳು ಕೇಳಿದಳು, "ಇಲ್ಲಿ ತಿನ್ನೋಕೆ ಹಾಕಬಹುದು, ಅಲ್ಲಿ ನಾಯಿಗೆ ಯಾಕೆ ಹಾಕಬಾರದು?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮಾವನವರು, "ಇವು ಚಳಿ ಮುಗಿದ ಮೇಲೆ ಮನೆಗೆ ಹೋಗ್ತಾವ, ನಾಯಿ ಇಲ್ಲೇ ಇರ್ತದ" ಅಂದರು. ಇದು ಪೂರ್ತಿ ಸರಿಯಾದ ಉತ್ತರವೋ ಅಲ್ಲವೋ ಎರೆಹೊಲ ಅವರೇ ಹೇಳಬೇಕು.

ಟೆಂಟಿನಲ್ಲಿ ಜೀಪ್ ಬೇಡ ಅಂದಾಗ ಪಕ್ಕದ ಟೆಂಟಿನವರು ನಮ್ಮನ್ನು ಜಿಪುಣರು ಅಂದುಕೊಂಡರು. ಒಂಟೆ ಗಾಡಿಯಲ್ಲಿ ಹೋದೆವು. ಊಟ ಆದ ಮೇಲೆ ಹಿಂಬದಿಗೆ ಹೋಗಿ ನೋಡಿದೆ. ನೀವು ಬರೆದ ಹಾಗೇ ಗುಂಡಿ, ಎಣಿಸಿದರೆ ಹನ್ನೊಂದು ನಾಯಿ, ಎರಡು ಮರಿ ಹಾಕಿದವು. ಮ್ಯಾನೇಜರನ್ನು ಕೇಳಿದೆ. "ಕಸದ ಗಾಡಿ ಇಲ್ಲಿಯ ತನಕ ಬರಲ್ಲ, ನಾನೇನು ಮಾಡಲಿ" ಅಂದರು. ಜಗಳ ಆಡಲು ಮನಸ್ಸಾಗಲಿಲ್ಲ. ಹಳ್ಳಿಯಿಂದ ಹಾಲು ತರುವ ಹುಡುಗನಿಗೆ ಸಸ್ಯಾಹಾರದ ಎಂಜಲನ್ನು ಬಕೆಟ್‌ನಲ್ಲಿ ಕೊಟ್ಟರೆ ಆಡಿಗೆ ಒಯ್ಯುತ್ತಾನೆ ಅಂತ ನಮ್ಮವರು ಇಬ್ಬರ ನಡುವೆ ಮಾತು ಕುದುರಿಸಿ ಬಂದರು. ನಾವು ಹೊರಟ ಮೇಲೆ ಬಕೆಟ್ ಇದೆಯೋ ಇಲ್ಲವೋ ಗೊತ್ತಿಲ್ಲ.

ಅಕಾಲ್ ಫಾಸಿಲ್ ಪಾರ್ಕ್‌ಗೂ ಹೋದೆವು, ಜೈಸಲ್ಮೇರ್‌ನಿಂದ 17 ಕಿ.ಮೀ. ಸುಮಾರು 18 ಕೋಟಿ ವರ್ಷದ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಮರಳಿನ ಊರಲ್ಲಿ ಒಂದು ಕಾಲಕ್ಕೆ ಕಾಡು! ಮಗ ಒಂದು ಚೂರು ಜೇಬಿಗೆ ಇಳಿಸಿದ್ದ. ಗೇಟಿನ ಹತ್ತಿರ ಬಂದು ತಾನೇ ತೆಗೆದು, ಹೋಗಿ ಎತ್ತಿದ ಜಾಗದಲ್ಲೇ ಇಟ್ಟು ಬಂದ. ನಾನು ನೋಡದವಳ ಹಾಗೆ ನಿಂತಿದ್ದೆ.

ಇನ್ನು ಸುದಾಸರಿ. ಬೆಳಿಗ್ಗೆ ಏಳಕ್ಕೆ ಹೊಕ್ಕೆವು. ಚಿಂಕಾರ ಕಂಡವು, ಮರುಭೂಮಿ ನರಿ ಕಂಡಿತು, ರಣಹದ್ದು ನಾಲ್ಕು. ಹನ್ನೊಂದರವರೆಗೂ ಎರೆಭೂತ ಇಲ್ಲ. ಜೊತೆಗಿದ್ದ ಕಾವಲುಗಾರರು ಇಲ್ಲಿಂದ ಮುಂದೆ ಬೇಡ ಅಂದರು. ನಾವೂ ಒತ್ತಾಯ ಮಾಡಲಿಲ್ಲ. ವಾಪಸ್ ತಿರುಗಿದ ಮೇಲೆ ಮಾವನವರೇ ಮೊದಲು ನೋಡಿದ್ದು. ಬಲಗಡೆ, ತುಂಬ ದೂರ, ಸೇವಣ್ ಹುಲ್ಲಿನ ಮೇಲೆ ಬಿಳಿ ಕತ್ತು, ಕಪ್ಪು ನೆತ್ತಿ, ಅಷ್ಟೇ. ಎರಡು ನಿಮಿಷ ಇರಬಹುದು. ನನ್ನ ಫೋನಿನ ಫೋಟೋದಲ್ಲಿ ಒಂದು ಕಡ್ಡಿ ಬಂದಿದೆ.

ಮಾವನವರು ಏನೂ ಮಾತಾಡಲಿಲ್ಲ. ಗಾಡಿ ಹತ್ತಿದ ಮೇಲೆ ಹೇಳಿದರು, "ಇದು ಸಣ್ಣದು. ನಮ್ ಕಡಿಯದು ದೊಡ್ಡದಿತ್ತು."

ಎರೆಹೊಲ · ಜನವರಿ 6

ಹೆಣ್ಣು ನೋಡಿರಬೇಕು ಮೇಡಂ. ಗಂಡಿನ ಅರ್ಧದಷ್ಟೂ ತೂಕ ಇರುವುದಿಲ್ಲ. ಆದರೆ ಮಾವನವರಿಗೆ ಇದನ್ನು ಹೇಳಬೇಡಿ. ನಮ್ಮ ಕಡೆಯದು ದೊಡ್ಡದೇ.

ಅವರ ಕೊಕ್ಕರೆ ಉತ್ತರಕ್ಕೆ ನನ್ನ ಕಡೆಯಿಂದ ಎಪ್ಪತ್ತೈದು ಮಾರ್ಕು. ಮಿಕ್ಕಿದ್ದು ಕಾಳು ಹಾಕುವುದು ಒಳ್ಳೆಯದಾ ಅನ್ನುವ ಬೇರೆಯೇ ಜಗಳ, ಅದನ್ನು ಇಲ್ಲಿ ಬೇಡ. ಅವರಿಗೆ ಇಷ್ಟವಾಗುವ ಸುದ್ದಿ ಒಂದಿದೆ. ಸಮ್‌ನಲ್ಲಿ ಮತ್ತು ರಾಮದೇವರಾದಲ್ಲಿ ಈ ಹಕ್ಕಿಯ ಸಂತಾನ ಬೆಳೆಸುವ ಕೇಂದ್ರಗಳಿವೆ, ಪ್ರವಾಸಿಗರು ಹೋಗುವ ಜಾಗ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಬಂತು. ರಾಮದೇವರಾದ ಗಂಡಿನ ವೀರ್ಯವನ್ನು ಸುಮಾರು 200 ಕಿ.ಮೀ. ಗಾಡಿಯಲ್ಲಿ ಸಮ್‌ಗೆ ತಂದಿದ್ದರು. ಮರಿ ಸಿಗುತ್ತಿವೆ. ಬಿಡಲು ಹುಲ್ಲುಬಯಲು ಬೇಕಲ್ಲ. ನಮ್ಮ ರಾಣೆಬೆನ್ನೂರಿನಲ್ಲಿ ಆದದ್ದು ಅದೇ. ಬೋಳು ಬಯಲು ಅಂತ ನೀಲಗಿರಿ ನೆಟ್ಟೆವು, ಹಕ್ಕಿ ಹೋಯಿತು. ಥಾರ್‌ನಲ್ಲಿ ಹುಲ್ಲು ನುಂಗುತ್ತಿರುವ ಗಿಡ ಯಾವುದು ಗೊತ್ತಾ? ನಾವು ಬಳ್ಳಾರಿ ಜಾಲಿ ಅನ್ನುವ ಅದೇ ಗಿಡ. ಅಲ್ಲಿ ವಿಲಾಯತಿ ಬಬೂಲ್ ಅನ್ನುತ್ತಾರೆ. ಪಾಪ, ಎರಡೂ ಕಡೆ ಬೇರೆಯವರ ಊರಿನ ಹೆಸರು.

ಲೆನ್ಸ್_ಲಕ್ಕ · ಜನವರಿ 7

ನಾನು 18ಕ್ಕೆ ಹೊರಡುತ್ತಿದ್ದೇನೆ. ರೆಕಾರ್ಡಿಂಗ್ ಡಿಲೀಟ್ ಮಾಡಿದ್ದೇನೆ, ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ. ಒಂಟೆ ಗಾಡಿಯವರ ನಂಬರ್ ಖಾಸಗಿಯಾಗಿ ಕಳಿಸುತ್ತೀರಾ ಮೇಡಂ? ಆ ಬಕೆಟ್ ಇದೆಯಾ ಅಂತಲೂ ನೋಡಿ ಬರುತ್ತೇನೆ.

ಬಿಸಿಲುಕುದುರೆ · ಜನವರಿ 7

ಕಳಿಸಿದ್ದೇನೆ. ಬಕೆಟ್ ನೀಲಿ ಬಣ್ಣದ್ದು, ಅಡುಗೆ ಟೆಂಟಿನ ಎಡಗಡೆ.

ಜೋಧ್‌ಪುರದ ಅಕ್ಕ, ಅರ್ಧ ಕೆ.ಜಿ. ಒಣ ಕೇರ್ ಸಾಂಗ್ರಿ ತಂದಿದ್ದೇನೆ. ನೆನೆಸಿದ್ದು ಸಾಲದೆ ಮೊದಲ ಸಲ ಹಗ್ಗ ಅಗಿದ ಹಾಗಾಯಿತು. ಎಷ್ಟು ಹೊತ್ತು ನೆನೆಸಬೇಕು?

ಜೋಧ್‌ಪುರದ_ಸೊಸೆ · ಜನವರಿ 7

ರಾತ್ರಿಯಿಡೀ ನೆನೆಸು ತಂಗಿ. ಕೇರ್ ಕಹಿ ಹೋಗಲು ಮಜ್ಜಿಗೆಯಲ್ಲಿ ಹಾಕು. ಬೆಳಿಗ್ಗೆ ಎರಡು ಮೂರು ನೀರಲ್ಲಿ ತೊಳೆದು, ಕುಕ್ಕರ್‌ನಲ್ಲಿ ಎರಡು ವಿಷಲ್. ಒಗ್ಗರಣೆಗೆ ಸಾಸಿವೆ ಎಣ್ಣೆ ಇಲ್ಲದಿದ್ದರೆ ಕಡಲೆಕಾಯಿ ಎಣ್ಣೆಯೇ ಸಾಕು. ಕೊನೆಗೆ ಆಮ್ಚೂರ್. ಆ ತೊಳೆದ ನೀರು ಚೆಲ್ಲಬೇಡ, ಗಿಡಕ್ಕೆ ಹಾಕು. ಅಜ್ಜಿ ಈಗಲೂ ಕೋಲು ಹಿಡಿದೇ ಕೂತಿರುತ್ತಾರೆ.